ಹರಿಯುವ ನೀರು ಮತ್ತು ಕೆಳಗಿನ ಊರು

ನಾವು ವಾಸವಾಗಿರುವ ಈ ಕೊಂಗುನಾಡಿನಲ್ಲಿ ಸಣ್ಣ ತೊರೆಯನ್ನು 'ಪಳ್ಳಂ' ಎಂದು ಕರೆಯುತ್ತಾರೆ. ಕೊಯಮತ್ತೂರು ನಗರವನ್ನು ಸೀಳಿಕೊಂಡು ಹೋಗುವ ಸಂಗನೂರು ಪಳ್ಳಂ ಎಲ್ಲರಿಗೂ ಪರಿಚಿತವಾದದ್ದು. ಕನ್ನಡದ 'ಹಳ್ಳ'ವೂ ಇದೇ ಶಬ್ದ. ನಮ್ಮಲ್ಲಿ ಪಕಾರ ಹಕಾರವಾಯಿತು, ಅಷ್ಟೇ. ಎರಡು ನುಡಿಗಳಲ್ಲಿಯೂ ಈ ಮಾತಿಗೆ ತೊರೆ ಎಂಬ ಅರ್ಥವೂ ಉಂಟು, ತಗ್ಗು ಎಂಬ ಅರ್ಥವೂ ಉಂಟು. ನಮ್ಮ ಪೂರ್ವಿಕರು ತೊರೆಗೆ ಬೇರೆ ಹೆಸರನ್ನು ಹುಡುಕಲಿಲ್ಲ. ನೀರು ಎಲ್ಲಿಗೆ ಇಳಿಯುತ್ತದೆಯೋ ಆ ಸ್ಥಳದ ಹೆಸರೇ ನೀರಿನ ಹೆಸರಾಯಿತು.

ಈ ಇಳಿಜಾರಿನಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ನ್ಯಾಯದ ಬಗ್ಗೆ ನಾವು ಸಾಮಾನ್ಯವಾಗಿ ಯೋಚಿಸುವ ಕ್ರಮವೆಲ್ಲ ಕೊಡು-ಕೊಳ್ಳುವಿಕೆಯ ಮೇಲೆ ನಿಂತಿದೆ. ನಾನು ನಿನಗೆ ಕೆಡುಕು ಮಾಡಿದರೆ ನೀನೂ ನನಗೆ ಮಾಡಬಲ್ಲೆ, ಆದುದರಿಂದ ಇಬ್ಬರೂ ಮಾಡದಿರೋಣ; ಒಪ್ಪಂದದ ಬೇರು ಇದು. ಹೊಳೆಯ ದಂಡೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮೇಲಿನ ಊರಿನವನು ಕೆಳಗಿನ ಊರಿನವನ ನೀರನ್ನು ತಡೆಯಬಲ್ಲ, ಕೆಡಿಸಬಲ್ಲ. ಕೆಳಗಿನವನು ಮೇಲಿನವನ ನೀರಿಗೆ ಏನನ್ನೂ ಮಾಡಲಾರ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1751ರಲ್ಲಿ ಪ್ರಕಟಿಸಿದ ನೀತಿಗ್ರಂಥದಲ್ಲಿ ಒಂದು ಕಠಿಣವಾದ ಮಾತನ್ನು ಹೇಳಿದ್ದಾನೆ. ನಮ್ಮ ಮೇಲೆ ತಮ್ಮ ಸಿಟ್ಟಿನ ಪರಿಣಾಮವನ್ನು ತೋರಿಸಲಾರದಷ್ಟು ದುರ್ಬಲರಾದ ಜೀವಿಗಳು ನಮ್ಮ ನಡುವೆ ಇದ್ದರೆ, ಅವರನ್ನು ಮೃದುವಾಗಿ ನಡೆಸಿಕೊಳ್ಳುವಂತೆ ಮಾನವೀಯತೆ ನಮ್ಮನ್ನು ಕಟ್ಟಿಹಾಕಬಹುದು, ಆದರೆ ನ್ಯಾಯದ ಬಂಧನ ನಮಗಿರುವುದಿಲ್ಲ ಎಂಬುದು ಅದರ ಸಾರ. ಇದನ್ನು ಹೊಳೆಗೆ ಅನ್ವಯಿಸಿದರೆ ಕೆಳಗಿನ ಊರಿಗೆ ಸಿಗುವುದು ದಯೆ ಮಾತ್ರ, ಹಕ್ಕಲ್ಲ. ಈ ತೀರ್ಮಾನ ಸರಿಯೇ?

ಮೊದಲು ಹರಿವಿನ ರೀತಿಯನ್ನೇ ಸ್ವಲ್ಪ ನೋಡಬೇಕು. ದಡದಲ್ಲಿ ನಿಂತವನಿಗೆ ಹೊಳೆ ಒಂದೇ ಮೈಯಾಗಿ ಸಾಗುವಂತೆ ಕಾಣುತ್ತದೆ; ವಾಸ್ತವದಲ್ಲಿ ತಳಕ್ಕೂ ದಡಕ್ಕೂ ಉಜ್ಜುವ ನೀರು ನಿಧಾನವಾಗಿಯೂ ನಡುಹೊಳೆಯ ಮೇಲ್ಪದರದ ನೀರು ವೇಗವಾಗಿಯೂ ಸಾಗುತ್ತದೆ. ತಿರುವಿನಲ್ಲಿ ಇದರ ಪರಿಣಾಮ ವಿಚಿತ್ರವಾದದ್ದು. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಒಂದು ಚಿಕ್ಕ ಲೇಖನದಲ್ಲಿ ಇದನ್ನು ಚಹಾ ಬಟ್ಟಲಿನ ದೃಷ್ಟಾಂತದಿಂದ ವಿವರಿಸಿದರು. ಚಮಚದಿಂದ ತಿರುವಿದ ಚಹಾದಲ್ಲಿ ಎಲೆಯ ಚೂರುಗಳು ಅಂಚಿಗೆ ಎಸೆಯಲ್ಪಡಬೇಕಿತ್ತು. ಆದರೆ ಅವು ತಳದ ನಡುವಿಗೆ ಬಂದು ಗುಂಪುಗೂಡುತ್ತವೆ. ಕಾರಣ, ತಳದ ಘರ್ಷಣೆಯಿಂದ ಅಲ್ಲಿನ ನೀರಿನ ಸುತ್ತುವಿಕೆ ಮಂದವಾಗಿ ಅದು ಒಳಮುಖವಾಗಿ ಸರಿಯುತ್ತದೆ. ಹೊಳೆಯ ತಿರುವಿನಲ್ಲಿಯೂ ಹಾಗೆಯೇ: ಮೇಲ್ಪದರದ ವೇಗದ ನೀರು ಹೊರದಂಡೆಗೆ ಬಡಿದು ಕೆಳಗಿಳಿಯುತ್ತದೆ, ತಳದ ನಿಧಾನದ ನೀರು ಮರಳನ್ನು ಹೊತ್ತು ಒಳದಂಡೆಗೆ ಸರಿಯುತ್ತದೆ. ಹೊರದಂಡೆಯ ರೈತನ ಹೊಲ ವರ್ಷವರ್ಷವೂ ಕೊರೆದುಹೋಗುತ್ತದೆ, ಎದುರುದಂಡೆಯವನಿಗೆ ಹೊಸ ಮರಳುದಿಬ್ಬ ಬೆಳೆಯುತ್ತದೆ.

ಹೊಲ ಕಳೆದುಕೊಂಡವನು ಯಾರ ಮೇಲೆ ದೂರು ಕೊಡಬೇಕು? ಯಾರ ಮೇಲೂ ಇಲ್ಲ. ಅದು ದುರದೃಷ್ಟವೇ ಹೊರತು ಅನ್ಯಾಯವಲ್ಲ. ಈ ಎರಡನ್ನು ಬೇರ್ಪಡಿಸುವ ಗೆರೆ ಮುಖ್ಯವಾದದ್ದು. ಏಕೆಂದರೆ ಅನ್ಯಾಯವನ್ನು ದುರದೃಷ್ಟದ ವೇಷದಲ್ಲಿ ದಾಟಿಸುವುದಕ್ಕೆ ಹರಿಯುವ ನೀರಿನಷ್ಟು ಅನುಕೂಲವಾದ ಸಾಧನ ಇನ್ನೊಂದಿಲ್ಲ. ನಾವು ಸುರಿದದ್ದನ್ನು ಹೊಳೆ ಒಯ್ಯುತ್ತದೆ; ಕೆಳಗೆ ತಲುಪುವ ಹೊತ್ತಿಗೆ ಅದು ಹೊಳೆಯ ಗುಣವೆಂಬಂತೆ ಕಾಣುತ್ತದೆ.

ನಮ್ಮ ನೊಯ್ಯಲ್ ನದಿಯ ಕಥೆ ಇದೇ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೇರೂರಿನ ಪಟ್ಟೀಶ್ವರನ ಸನ್ನಿಧಿಯನ್ನು ಹಾದು, ಕೊಯಮತ್ತೂರು, ಸೂಲೂರು, ತಿರುಪ್ಪೂರುಗಳನ್ನು ದಾಟಿ, ಕರೂರು ಜಿಲ್ಲೆಯ ನೊಯ್ಯಲ್ ಎಂಬ ಊರಿನ ಬಳಿ ಕಾವೇರಿಯನ್ನು ಸೇರುವ ಈ ನದಿಗೆ ಹಳೆಯ ಹೆಸರು ಕಾಂಚಿ. ಇದು ತುಂಬಿ ಹರಿಯುವ ನದಿಯಲ್ಲ. ಬೆಟ್ಟದ ಮೇಲೆ ಮುಂಗಾರು ಸುರಿದಾಗಲೂ ಹಿಂಗಾರಿನ ಕೆಲವು ವಾರಗಳಲ್ಲಿಯೂ ಮೈದುಂಬುತ್ತದೆ. ಉಳಿದ ಕಾಲ ಸೊರಗಿರುತ್ತದೆ. ಇದನ್ನು ಬಲ್ಲ ಹಿಂದಿನವರು ನದಿಗೆ ಅಡ್ಡಲಾಗಿ ಸಣ್ಣಸಣ್ಣ ಒಡ್ಡುಗಳನ್ನು ಕಟ್ಟಿ, ಕಾಲುವೆಗಳ ಮೂಲಕ ನೀರನ್ನು ಕೆರೆಗಳಿಗೆ ತಿರುಗಿಸಿದರು. ಕೃಷ್ಣಾಂಪತಿ, ಸೆಲ್ವಚಿಂತಾಮಣಿ, ಉಕ್ಕಡದ ಪೆರಿಯಕುಳಂ, ವಾಲಾಂಕುಳಂ, ಸಿಂಗಾನಲ್ಲೂರು, ಸೂಲೂರು ಕೆರೆಗಳೆಲ್ಲ ಈ ಸರಪಳಿಯ ಕೊಂಡಿಗಳು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಅಥವಾ ಮರಳಿ ನದಿಗೆ. ಕೆರೆಯೆಂದರೆ ನಿಲ್ಲಿಸಿಕೊಳ್ಳುವುದು, ಕೋಡಿಯೆಂದರೆ ಬಿಟ್ಟುಕೊಡುವುದು. ಕೋಡಿಯಿಲ್ಲದ ಕೆರೆಯನ್ನು ಯಾರೂ ಕಟ್ಟಲಿಲ್ಲ, ಕಟ್ಟಿದ್ದರೆ ಏರಿಯೇ ಒಡೆಯುತ್ತಿತ್ತು. ಇಷ್ಟಾದರೂ ಆ ಕಾಲವನ್ನು ಸತ್ಯಯುಗವೆಂದು ನಾನು ಹೊಗಳಲಾರೆ. ಕೆರೆಯ ನೀರನ್ನು ಮುಟ್ಟಲು ಬಿಡದೆ ದೂರ ನಿಲ್ಲಿಸಲ್ಪಟ್ಟ ಜನ ಆಗಲೂ ಇದ್ದರು. ನೀರಿನ ಇಳಿಜಾರಿಗಿಂತ ಮನುಷ್ಯರು ಮಾಡಿದ ಇಳಿಜಾರು ಕಡಿದಾಗಿತ್ತು.

ತಿರುಪ್ಪೂರಿನ ಹತ್ತಿಯ ಹೆಣಿಗೆ ಉಡುಪುಗಳು ಜಗತ್ತಿನ ಮಾರುಕಟ್ಟೆಗೆ ಹೋಗತೊಡಗಿದ ಮೇಲೆ ಚೆಲುವೆ ಮಾಡುವ ಮತ್ತು ಬಣ್ಣ ಹಾಕುವ ಘಟಕಗಳು ನೂರಾರು ಸಂಖ್ಯೆಯಲ್ಲಿ ನದಿಯ ಬದಿಯಲ್ಲಿ ಎದ್ದವು. ಹತ್ತಿಗೆ ಬಣ್ಣ ಹಿಡಿಯಬೇಕಾದರೆ ಉಪ್ಪು ಬೇಕು, ಹೇರಳವಾಗಿ ಬೇಕು. ಈ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ. ತೊಳೆದ ನೀರಿನೊಂದಿಗೆ ಅಷ್ಟೂ ಹೊರಕ್ಕೆ ಬರುತ್ತದೆ. ಕೆಂಪು, ನೀಲಿಯಾಗಿ ಹರಿಯುವ ನೀರನ್ನು ಕಂಡು ಜನ ಸಿಟ್ಟಾದರು, ಪತ್ರಿಕೆಗಳು ಚಿತ್ರ ಹಾಕಿದವು. ಬಣ್ಣವನ್ನು ತೆಗೆದರೂ ಉಪ್ಪು ಉಳಿಯುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಬಾವಿಯನ್ನು ಕೆಡಿಸಿ ಹೊಲವನ್ನು ಬಂಜೆ ಮಾಡಿದ್ದರಲ್ಲಿ ಅದರ ಪಾಲೇ ದೊಡ್ಡದು.

ಕೆಳಗಿನ ರೈತರಿಗೆ ನೀರು ಕೊಡಲೆಂದು ಒರತ್ತುಪಾಳೆಯಂನಲ್ಲಿ ಒಂದು ಅಣೆಕಟ್ಟನ್ನು ಕಟ್ಟಲಾಯಿತು. 1992ರಲ್ಲಿ ಅದು ಬಳಕೆಗೆ ಬಂತು. ಹತ್ತು ಸಾವಿರ ಎಕರೆಗೆ ನೀರುಣಿಸುವ ಉದ್ದೇಶವಿದ್ದ ಆ ಜಲಾಶಯ ಕೆಲವೇ ವರ್ಷಗಳಲ್ಲಿ ತಿರುಪ್ಪೂರಿನ ತ್ಯಾಜ್ಯದ ತೊಟ್ಟಿಯಾಯಿತು. ಅದರಿಂದ ಬಿಟ್ಟ ನೀರು ಬೆಳೆಗೆ ಕೇಡಾಯಿತು, ನಿಲ್ಲಿಸಿದ ನೀರು ಸುತ್ತಣ ಬಾವಿಗಳಿಗೆ ಇಳಿಯಿತು. ಕೊನೆಗೆ, ನಮ್ಮ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಬೇಡಿ ಎಂದು ರೈತರೇ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಬರಗಾಲದ ಸೀಮೆಯ ಒಕ್ಕಲುಮಕ್ಕಳು ನೀರು ಬೇಡವೆಂದು ಮೊರೆಯಿಟ್ಟ ಪ್ರಸಂಗ ಇನ್ನೆಲ್ಲಾದರೂ ನಡೆದಿದೆಯೋ ತಿಳಿಯದು. ನೊಯ್ಯಲ್ ಅಚ್ಚುಕಟ್ಟುದಾರರ ಸಂಘದ ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕೆಡಿಸಿದವನೇ ತೆರಬೇಕು ಎಂಬ ತತ್ತ್ವವನ್ನು ನ್ಯಾಯಾಲಯ 2009ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ಹೊರಕ್ಕೆ ಒಂದು ಹನಿ ತ್ಯಾಜ್ಯವನ್ನೂ ಬಿಡದ ವ್ಯವಸ್ಥೆ ಮಾಡಿಕೊಳ್ಳದ ಘಟಕಗಳನ್ನೆಲ್ಲ ಮುಚ್ಚಬೇಕೆಂದು ಮದರಾಸು ಉಚ್ಚ ನ್ಯಾಯಾಲಯ 2011ರ ಜನವರಿಯಲ್ಲಿ ಆದೇಶಿಸಿತು. ಅನೇಕ ಮನೆಗಳ ಒಲೆ ಆರಿತು ಎಂಬುದನ್ನೂ ಮರೆಯಬಾರದು. ಆ ಬಳಿಕ ನೀರನ್ನು ಸೋಸಿ ಮರುಬಳಕೆ ಮಾಡುವ, ಉಳಿದದ್ದನ್ನು ಕುದಿಸಿ ಉಪ್ಪನ್ನು ಬೇರ್ಪಡಿಸುವ ಯಂತ್ರಗಳು ಬಂದವು.

ಇಲ್ಲಿ ನಾನು ನನ್ನ ಮನೆಯ ಮಾತನ್ನು ಹೇಳದಿದ್ದರೆ ಬರಹ ಪ್ರಾಮಾಣಿಕವಾಗುವುದಿಲ್ಲ. ನಾವು ನೇಯ್ಗೆಯವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮಗ್ಗದ ಮುಂದೆ ಎರಡೂ. ಹಿತ್ತಲಿನಲ್ಲಿ ನೂಲಿಗೆ ಬಣ್ಣ ಹಾಕುವ ಎರಡು ತಾಮ್ರದ ಹಂಡೆಗಳಿದ್ದವು. ಬಣ್ಣ ಹಿಡಿಯಲೆಂದು ನನ್ನ ತಂದೆ ಕಲ್ಲುಪ್ಪನ್ನು ಬೊಗಸೆಯಲ್ಲಿ ಅಳೆದು ಹಾಕುತ್ತಿದ್ದರು. ಕೆಲಸ ಮುಗಿದ ಮೇಲೆ ಹಂಡೆಯನ್ನು ಬಗ್ಗಿಸಿದರೆ ನೀರು ಬಚ್ಚಲ ಕಾಲುವೆಯಿಂದ ಬೀದಿಯ ಚರಂಡಿಗೆ, ಅಲ್ಲಿಂದ ಪಳ್ಳಕ್ಕೆ. ಅವರು ಒಬ್ಬ ಬಡ್ಡಿಯವನಿಗೂ ಒಂದು ಕಾಸು ಉಳಿಸಿಕೊಂಡವರಲ್ಲ. ನೆರೆಮನೆಯ ಗೋಡೆಗೆ ಬಣ್ಣದ ಹನಿ ಸಿಡಿದರೆ ತಾವೇ ಸುಣ್ಣ ಬಳಿದುಕೊಡುತ್ತಿದ್ದರು. ಅವರ ನೆರೆ ಗೋಡೆಯವರೆಗೆ ಇತ್ತು. ಪಳ್ಳದ ಕೆಳಗೂ ನೆರೆಯವರಿದ್ದಾರೆ ಎಂಬ ಯೋಚನೆ ಅವರಿಗೂ ಬರಲಿಲ್ಲ, ಪಕ್ಕದಲ್ಲಿ ನಿಂತು ನೂಲು ಹಿಂಡುತ್ತಿದ್ದ ನನಗೂ ಬರಲಿಲ್ಲ.

ಎರಡು ಹಂಡೆಯ ಉಪ್ಪಿನಿಂದ ಯಾರ ತೆಂಗಿನ ಮರವೂ ಒಣಗಲಿಲ್ಲ ಎಂದು ವಾದಿಸಬಹುದು. ನಿಜ. ತಿರುಪ್ಪೂರಿನ ಯಾವ ಒಂದು ಘಟಕವೂ ತಾನೊಂದೇ ಒರತ್ತುಪಾಳೆಯಂ ಜಲಾಶಯವನ್ನು ಕೆಡಿಸಲಿಲ್ಲ ಎಂಬುದೂ ಅಷ್ಟೇ ನಿಜ. ಈ ವಾದವನ್ನು ಒಪ್ಪಿದರೆ ಕೆಡುಕು ಆಗಿದೆ, ಮಾಡಿದವರು ಯಾರೂ ಇಲ್ಲ ಎಂದಾಗುತ್ತದೆ. ಹಾಗಾದರೆ ಉಪ್ಪು ಮಳೆಯೊಂದಿಗೆ ಬಿದ್ದಿತೇ? ಕೂಡಿದಾಗ ಕೆಡಿಸುವ ವಸ್ತುವನ್ನು ಸುರಿಯುವವನು ಕೂಡಿಕೆಯ ಮೊತ್ತಕ್ಕೆ ಪಾಲುದಾರ. ಪಾಲು ಚಿಕ್ಕದಿರಬಹುದು, ಶೂನ್ಯವಲ್ಲ. ಅಣೆಕಟ್ಟು ಮಾಡಿದ್ದು ಇಷ್ಟೇ: ಚರಂಡಿಗಳಲ್ಲಿ ಚದುರಿಹೋಗಿದ್ದ ಲೆಕ್ಕವನ್ನು ಒಂದೆಡೆ ಕೂಡಿಸಿ ತೋರಿಸಿತು.

ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂಬ ಇನ್ನೊಂದು ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ತಪ್ಪು. ಎಲೆ, ಸಗಣಿ, ಹೆಂಡೆ, ಕೊಳೆತ ಪದಾರ್ಥ ಇವೆಲ್ಲ ಸಾವಯವ ವಸ್ತುಗಳು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಂಡು ಸೂಕ್ಷ್ಮಜೀವಿಗಳು ಅವನ್ನು ತಿಂದು ಮುಗಿಸುತ್ತವೆ. ಕಲ್ಲಿನಿಂದ ಕಲ್ಲಿಗೆ ಧುಮುಕುವ ನೀರು ಗಾಳಿಯಿಂದ ಆಮ್ಲಜನಕವನ್ನು ಮತ್ತೆ ತುಂಬಿಕೊಳ್ಳುತ್ತದೆ. ಕೆಲವು ಹರದಾರಿ ಹರಿದ ನೀರು ನಿಜವಾಗಿಯೂ ತಿಳಿಯಾಗುತ್ತಿತ್ತು. ಉಪ್ಪನ್ನು ಮಾತ್ರ ಯಾವ ಜೀವಿಯೂ ತಿನ್ನುವುದಿಲ್ಲ. ಅದು ಕರಗುತ್ತದೆ, ಸರಿಯುತ್ತದೆ, ಅಳಿಯುವುದಿಲ್ಲ. ನೆಲದೊಳಗಿಳಿದರೆ ಬಂಡೆಯ ಬಿರುಕುಗಳಲ್ಲಿ ಬಲು ನಿಧಾನವಾಗಿ ಸಾಗಿ, ಸುರಿದವನ ಮುಂದಿನ ತಲೆಮಾರಿನಲ್ಲಿ ಯಾರದೋ ಬಾವಿಯಲ್ಲಿ ಕಾಣಿಸಿಕೊಳ್ಳಬಹುದು. ಹಿರಿಯರ ಮಾತು ಅವರ ಕಾಲದ ಕಸಕ್ಕೆ ಸರಿಯಾಗಿತ್ತು; ನಮ್ಮ ಕಸ ಬದಲಾಯಿತು, ಮಾತು ಹಾಗೆಯೇ ಉಳಿಯಿತು.

ಇನ್ನು ನಮ್ಮನ್ನು, ಅಂದರೆ ತಮಿಳುನಾಡಿನ ಕನ್ನಡಿಗರನ್ನು, ಹೆಚ್ಚು ಇಕ್ಕಟ್ಟಿಗೆ ಸಿಲುಕಿಸುವ ವಿಷಯಕ್ಕೆ ಬರುತ್ತೇನೆ. ಸಂಘದ ಸಭೆಗಳಲ್ಲಿ ಇದನ್ನು ಮಾತನಾಡದಿರುವುದೇ ವಾಡಿಕೆ. 1991ರ ಡಿಸೆಂಬರಿನಲ್ಲಿಯೂ 2016ರ ಸೆಪ್ಟೆಂಬರಿನಲ್ಲಿಯೂ ಕಾವೇರಿಯ ಹೆಸರಿನಲ್ಲಿ ಬೆಂಕಿ ಹತ್ತಿದಾಗ ನಾವು ಕದ ಮುಚ್ಚಿಕೊಂಡು ಎರಡೂ ಕಡೆಯ ಬಂಧುಗಳಿಗೆ ದೂರವಾಣಿ ಮಾಡುತ್ತ ಕುಳಿತವರು. ಭಾಷೆಯಿಂದ ನಾವು ಮೇಲ್ದಂಡೆಯವರು, ಅನ್ನ-ನೀರಿನಿಂದ ಕೆಳದಂಡೆಯವರು. ಮೌನ ಜಾಣತನವಾಗಿತ್ತು. ಆದರೆ ಎರಡೂ ದಂಡೆಗಳಲ್ಲಿ ಕಾಲಿಟ್ಟವನಿಗೆ ಒಂದು ದಂಡೆಯವನಿಗೆ ಕಾಣದ ಏನೋ ಕಾಣಬೇಕಲ್ಲವೇ?

ನನಗೆ ಕಾಣುವುದು ಇದು. ನಮ್ಮ ನೆಲದಲ್ಲಿ ಹುಟ್ಟಿದ ನೀರು ನಮ್ಮದು ಎಂಬ ವಾದವನ್ನು ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ 1895ರಲ್ಲಿ ರಿಯೊ ಗ್ರಾಂಡೆ ನದಿಯ ವಿಷಯದಲ್ಲಿ ಮೆಕ್ಸಿಕೊ ವಿರುದ್ಧ ಮುಂದಿಟ್ಟರು. ಈ ವಾದ ನಮ್ಮ ಕನ್ನಡದ ಬಂಧುಗಳಿಗೆ ಹಿತವಾಗಿ ಕೇಳಿಸಬಹುದು. ಅದನ್ನು ಒಪ್ಪಿದ ಮರುಕ್ಷಣ ಕೊಯಮತ್ತೂರಿನವರು ಹೆಮ್ಮೆಯಿಂದ ಕುಡಿಯುವ ಸಿರುವಾಣಿಯ ನೀರು ಕೇರಳದ್ದಾಗಿಬಿಡುತ್ತದೆ. ಆ ಜಲಾಶಯವಿರುವುದು ಪಾಲಕ್ಕಾಡು ಜಿಲ್ಲೆಯಲ್ಲಿ. ಒರತ್ತುಪಾಳೆಯದ ರೈತನಿಗೂ ದೂರಲು ಹಕ್ಕಿರುವುದಿಲ್ಲ, ತಿರುಪ್ಪೂರು ಮೇಲಿದೆಯಲ್ಲ! ನಮ್ಮ ಜಿಲ್ಲೆಗಳ ಭೂಗೋಳವೇ ಈ ವಾದಕ್ಕೆ ಅವಕಾಶ ಕೊಡುವುದಿಲ್ಲ. ಭವಾನಿ ನೀಲಗಿರಿಯಲ್ಲಿ ಹುಟ್ಟಿ, ಕೇರಳದ ಅಟ್ಟಪ್ಪಾಡಿಯನ್ನು ಸುತ್ತಿ ಮತ್ತೆ ತಮಿಳುನಾಡಿಗೆ ಬರುತ್ತದೆ. ಆಳಿಯಾರು ಪೊಳ್ಳಾಚಿಯ ಬದಿಯಿಂದ ಪಶ್ಚಿಮಕ್ಕೆ ಹರಿದು ಕೇರಳದ ಚಿತ್ತೂರಿನ ಹೊಲಗಳನ್ನು ಸೇರುತ್ತದೆ. ಅಲ್ಲಿ ಅದಕ್ಕೆ ಕಣ್ಣಾಡಿಪುಳ ಎಂಬ ಹೆಸರೂ ಉಂಟು. ನಮ್ಮ 'ಹೊಳೆ'ಯೇ ಅವರ 'ಪುಳ', ನಮ್ಮ 'ಕನ್ನಡಿ'ಯೇ ಅವರ 'ಕಣ್ಣಾಡಿ'. ಪರಂಬಿಕುಳಂ-ಆಳಿಯಾರು ಯೋಜನೆಯಲ್ಲಿ ಪಡುವಣ ಕಡಲಿಗೆ ಹೋಗಬೇಕಾಗಿದ್ದ ನೀರನ್ನು ಸುರಂಗಗಳ ಮೂಲಕ ಮೂಡಣಕ್ಕೆ ತಿರುಗಿಸಿ ಉಡುಮಲೆಯ ತಿರುಮೂರ್ತಿ ಜಲಾಶಯಕ್ಕೆ ತರಲಾಗಿದೆ. ಅಲ್ಲಿ ಆಯಕಟ್ಟನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಸರದಿಯಂತೆ ಬಿಡುತ್ತಾರೆ. ಒಂದೇ ಜಿಲ್ಲೆಯ ಒಬ್ಬನೇ ಮನುಷ್ಯ ಬೆಳಗಿನ ಕಾಫಿಗೆ ಕೆಳದಂಡೆಯವನು, ಮಧ್ಯಾಹ್ನದ ತೋಟಕ್ಕೆ ಮೇಲ್ದಂಡೆಯವನು.

ಇದಕ್ಕಿಂತ ತೀಕ್ಷ್ಣವಾದ ದೃಷ್ಟಾಂತ ಕೊಳ್ಳೇಗಾಲದ್ದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಎಂಬುದು ನಮ್ಮ ಕಿರಿಯರಿಗೆ ತಿಳಿದಿರಲಿಕ್ಕಿಲ್ಲ. ಮೈಸೂರು ಮತ್ತು ಮದರಾಸು 1924ರಲ್ಲಿ ಕಾವೇರಿಯ ಒಪ್ಪಂದಕ್ಕೆ ಸಹಿ ಹಾಕಿದಾಗ ಕೊಳ್ಳೇಗಾಲದ ಕನ್ನಡ ರೈತ ಮದರಾಸಿನ ಪಕ್ಷದಲ್ಲಿದ್ದ. ರಾಜ್ಯಗಳ ಪುನರ್ವಿಂಗಡಣೆಯಾದ ಬೆಳಿಗ್ಗೆ ಅವನು ಎದುರುಪಕ್ಷಕ್ಕೆ ಸೇರಿದ. ಅವನ ಹೊಲ ಕದಲಲಿಲ್ಲ, ಹೊಳೆ ಕದಲಲಿಲ್ಲ. ಆ ರಾತ್ರಿಯಲ್ಲಿ ಅವನ ನೀರಿನ ಹಕ್ಕು ಬದಲಾಯಿತು ಎಂದು ಯಾರಾದರೂ ಹೇಳುವುದಾದರೆ, ಬದಲಾದದ್ದು ಹಕ್ಕಲ್ಲ, ಭೂಪಟ ಎಂದೇ ಉತ್ತರಿಸಬೇಕು.

ಹಾಗೆಂದು ಹಿಂದಿನಿಂದ ಬಳಸುತ್ತ ಬಂದವನದೇ ನೀರು ಎಂಬ ಕೆಳದಂಡೆಯ ವಾದವನ್ನೂ ನಾನು ಪೂರ್ಣವಾಗಿ ಒಪ್ಪಲಾರೆ. ಮೊದಲು ಕಾಲುವೆ ತೋಡಿದವನು ಎಂದೆಂದಿಗೂ ಒಡೆಯನಾದರೆ, ತಡವಾಗಿ ಎಚ್ಚೆತ್ತ ಮೇಲಿನ ಊರು ತನ್ನ ಬಾಗಿಲಲ್ಲಿ ಹಾದುಹೋಗುವ ನೀರನ್ನು ನೋಡುತ್ತ ಬಾಯಾರಿರಬೇಕಾಗುತ್ತದೆ. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡೂ ತುದಿಗಳನ್ನು ಬಿಟ್ಟಿತು: ಅಂತರರಾಜ್ಯ ನದಿಗೆ ಯಾವ ರಾಜ್ಯವೂ ಒಡೆಯನಲ್ಲ ಎಂದಿತು, ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಅಂಕಿಗಳು ಸರಿಯೋ ತಪ್ಪೋ ಎಂಬುದು ತಜ್ಞರ ಮಾತು. ಒಡೆತನದ ಭಾಷೆಯನ್ನು ಬಿಟ್ಟು ಪಾಲಿನ ಭಾಷೆಗೆ ಬಂದದ್ದು ನನಗೆ ಸರಿಯೆನಿಸುತ್ತದೆ.

ಆದರೆ ಪಾಲಿನ ಭಾಷೆಗೂ ಒಂದು ಮಿತಿಯಿದೆ. ನೀರನ್ನು ತೆಗೆದುಕೊಳ್ಳುವುದು ಬೇರೆ, ಕೆಡಿಸುವುದು ಬೇರೆ. ತೆಗೆದುಕೊಂಡದ್ದರಲ್ಲಿ ಹೆಚ್ಚು-ಕಡಿಮೆ ಮಾತನಾಡಬಹುದು. ಮುಂದಿನ ವರ್ಷ ಮಳೆ ಸುರಿದರೆ ಕೊರತೆ ತುಂಬಲೂಬಹುದು. ಕೆಡಿಸುವುದರಲ್ಲಿ ನ್ಯಾಯವಾದ ಪಾಲು ಎಂಬುದಿಲ್ಲ. ಕಾವೇರಿಗಾಗಿ ಬೀದಿಗಿಳಿದಷ್ಟು ಜನ ಎರಡೂ ರಾಜ್ಯಗಳಲ್ಲಿ ಕೆಟ್ಟ ನೀರಿಗಾಗಿ ಇಳಿಯಲಿಲ್ಲ. ಬೆಂಗಳೂರಿನ ಕೊಳಚೆ ವೃಷಭಾವತಿಯಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಇಳಿದು ಬರುವುದನ್ನು ಎಣಿಕೆಯ ಟಿಎಂಸಿ ಲೆಕ್ಕ ಹೇಳುವುದಿಲ್ಲ.

ಹ್ಯೂಮನ ಮಾತಿಗೆ ಮರಳುತ್ತೇನೆ. ಕೆಳಗಿನವನಿಗೆ ತಿರುಗೇಟು ಕೊಡುವ ಶಕ್ತಿಯಿಲ್ಲದ್ದರಿಂದ ಅವನಿಗೆ ಹಕ್ಕಿಲ್ಲ ಎಂದರೆ, ಶಕ್ತಿಯೇ ಹಕ್ಕಿನ ತಾಯಿ ಎಂದಾಯಿತು. ನೊಯ್ಯಲಿನ ರೈತರು ನ್ಯಾಯಾಲಯಕ್ಕೆ ಹೋಗಿ ಗೆದ್ದಾಗ ಅವರಿಗೆ ಹೊಸದಾಗಿ ಹಕ್ಕು ಹುಟ್ಟಲಿಲ್ಲ. ಇದ್ದ ಹಕ್ಕು ಕಡೆಗೆ ಕೇಳಿಸಿತು. ಕೊಡುವವನಿಗೆ ಮರಳಿ ಸಿಗದ ಕಡೆಯಲ್ಲಿಯೇ ಋಣ ಎಂಬ ನಮ್ಮ ಹಳೆಯ ಪದ ಕೆಲಸಕ್ಕೆ ಬರುತ್ತದೆ. ನಮ್ಮ ಕೆರೆಗಳನ್ನು ತೋಡಿದವರಿಗೆ ನಾವೇನನ್ನೂ ಹಿಂದಿರುಗಿಸಲಾರೆವು. ಅವರು ಮೇಲೆ, ನಾವು ಕೆಳಗೆ. ಯಂತ್ರಗಳು ಇಂದು ಬೇರ್ಪಡಿಸಿ ಚೀಲಗಳಲ್ಲಿ ತುಂಬಿಡುವ ಮರುಬಳಕೆಗೆ ಒದಗದ ಉಪ್ಪು ಮತ್ತು ಕೆಸರು ಯಾರ ಕಾಲದಲ್ಲಿ ಎಲ್ಲಿ ಕರಗುತ್ತದೆಯೋ, ಅವರು ನಮ್ಮ ಕೆಳಗೆ.

ತಂದೆ ತೀರಿಕೊಂಡಾಗ ಉತ್ತರಕ್ರಿಯೆಗೆ ಪೇರೂರಿಗೆ ಹೋದೆವು. ಬೇಸಗೆ, ನದಿಯಲ್ಲಿ ಮೊಣಕಾಲಿನಷ್ಟೂ ನೀರಿರಲಿಲ್ಲ. ಪುರೋಹಿತರು ಸ್ನಾನಕ್ಕೆ ನಲ್ಲಿಯನ್ನು ತೋರಿಸಿದರು. ಕಲ್ಲುಗಳ ನಡುವೆ ಬೆರಳಗಲದ ಒಂದು ಧಾರೆ ಸಾಗುತ್ತಿದ್ದ ಜಾಗದಲ್ಲಿ ಬೂದಿಯನ್ನು ಬಿಟ್ಟೆವು. ಅದು ತುಸು ಹೊತ್ತು ಸುಳಿಯಲ್ಲಿ ತಿರುಗಿ ನಿಧಾನವಾಗಿ ಸರಿಯಿತು. ಇದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮಗಳು ಕೇಳಿದಳು. ಸಿಂಗಾನಲ್ಲೂರು, ಸೂಲೂರು, ಸಾಮಳಾಪುರಂ, ಮಂಗಲಂ, ತಿರುಪ್ಪೂರು, ಒರತ್ತುಪಾಳೆಯಂ ಎಂದು ಒಂದೊಂದಾಗಿ ಹೇಳುತ್ತ ಹೋದೆ. ಹಂಡೆಯ ನೀರು ಹೋದದ್ದೂ ಅದೇ ದಾರಿಯಲ್ಲಿ. ಕೊನೆಗೆ ನೊಯ್ಯಲ್ ಎಂಬ ಊರಿನಲ್ಲಿ ಕಾವೇರಿಗೆ ಸೇರುತ್ತದೆ ಎಂದೆ. ಆ ಊರನ್ನು ನೀವು ನೋಡಿದ್ದೀರಾ ಎಂದಳು. ಅರುವತ್ತು ವರ್ಷ ಈ ನದಿಯ ಬದಿಯಲ್ಲಿ ಬಾಳಿದ ನಾನು ಅದನ್ನು ನೋಡಿರಲಿಲ್ಲ.